ಬಸ್ಸು ಬಾರದ ಊರಿನಲ್ಲಿ ಮನೆ ಮಾಡುವವರಿಗೆ

ಇಂಗ್ಲೆಂಡಿನ ಹಳ್ಳಿಯಲ್ಲಿ ಬಾಡಿಗೆ ಮನೆ ನೋಡಲು ಹೋದಾಗ ಅಡುಗೆಮನೆಯನ್ನು ಆಮೇಲೆ ನೋಡಿ. ಮೊದಲು ಗೇಟು ದಾಟಿ ರಸ್ತೆಗೆ ಬಂದು ಹತ್ತು ನಿಮಿಷ ನಡೆಯಿರಿ. ಫುಟ್‌ಪಾತ್ ಇದೆಯೇ, ಬೀದಿದೀಪ ಇದೆಯೇ, ಬಸ್‌ಸ್ಟಾಪಿನ ಕಂಬವಿದ್ದರೆ ಅದರ ಮೇಲಿನ ವೇಳಾಪಟ್ಟಿಯಲ್ಲಿ ಭಾನುವಾರ ಅಂತ ಒಂದು ಸಾಲಾದರೂ ಇದೆಯೇ ನೋಡಿ. ನಾನು ಇದ್ಯಾವುದನ್ನೂ ನೋಡಲಿಲ್ಲ. ಮೇ ತಿಂಗಳಲ್ಲಿ ಸಂಜೆ ಎಂಟಕ್ಕೆ ಹೋಗಿದ್ದೆ. ಆಗಿನ್ನೂ ಒಳ್ಳೆ ಬೆಳಕು. ಮನೆಯ ಹಿಂದಿನ ರೇಪ್‌ಸೀಡ್ ಎಂಬ ಎಣ್ಣೆಕಾಳಿನ ಹೊಲ ಹುಚ್ಚೆಳ್ಳು ಹೂಬಿಟ್ಟ ಹಾಗೆ ಹಳದಿಯಾಗಿತ್ತು. ಅಲ್ಲೇ ನಿಂತು ಒಪ್ಪಿಬಿಟ್ಟೆ. ನಮ್ಮನೆಯವರನ್ನೂ ಆರು ವರ್ಷದ ಮಗಳನ್ನೂ ಕರೆತಂದದ್ದು ಅಕ್ಟೋಬರ್ ಕೊನೆಗೆ. ಚಳಿಗಾಲಕ್ಕೆಂದು ಇಡೀ ದೇಶದ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ವಾರ ಅದು. ಸಂಜೆ ಐದರೊಳಗೆ ಕತ್ತಲು.

ನಾನು ನರ್ಸ್. ಲಿಂಕನ್‌ಶೈರಿನ ಬೋಸ್ಟನ್ ಪಟ್ಟಣದಿಂದ ಏಳು ಮೈಲಿ ಆಚೆಗಿನ ಊರು ನಮ್ಮದು. ಅರವತ್ತು ಮನೆ, ಒಂದು ಚರ್ಚು, ಒಂದು ಪಬ್ಬು, ಒಂದು ಕೆಂಪು ಅಂಚೆಡಬ್ಬಿ. ಹಾಲು ಬೇಕೆಂದರೆ ಮೂರು ಮೈಲಿ. ಕರ್ನಾಟಕದಿಂದ ಈ ದೇಶದ ಆಸ್ಪತ್ರೆಗಳಿಗೆ, ಕೇರ್ ಹೋಮ್‌ಗಳಿಗೆ ಬರುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿಗೆ ಕೆಲಸ ಸಿಗುವುದು ಲಂಡನ್ನಿನಲ್ಲಲ್ಲ, ಇಂಥ ಕಡೆ. ಅವರಿಗಾಗಿ, ಅದಕ್ಕಿಂತ ಹೆಚ್ಚಾಗಿ ಅವರ ಜೊತೆ ಬಂದು ಮನೆಯಲ್ಲಿ ಕೂರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಕೊಪ್ಪದ ಕಡೆಯವಳು. ನಮ್ಮ ಮನೆಯಿಂದ ಬಸ್ಸಿಗೆ ಎರಡು ಕಿಲೋಮೀಟರ್ ಗುಡ್ಡ ಇಳಿಯಬೇಕು. ಆದರೆ ಇಳಿದರೆ ಬಸ್ಸು ಸಿಗುತ್ತಿತ್ತು. ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸು, ಕೈ ಅಡ್ಡ ಹಿಡಿದಲ್ಲಿ ನಿಲ್ಲುತ್ತಿತ್ತು. ಹಾಗಾಗಿ ಹಳ್ಳಿ ಎಂದರೆ ಬಸ್ಸು ಬರುವ ಹಳ್ಳಿ ಎಂದೇ ನನ್ನ ತಲೆಯಲ್ಲಿ ಕೂತಿತ್ತು. ಅದೂ 2020ರಲ್ಲಿ ನಿಂತುಹೋಯಿತು. ಬಸ್ಸು ನಿಂತ ಊರು ಹೇಗಿರುತ್ತದೆ ಎಂದು ನಮ್ಮ ಕಡೆಯವರಿಗೂ ಈಗ ಗೊತ್ತು. ಇಲ್ಲಿ ಆ ಕತೆ ಅರವತ್ತು ವರ್ಷ ಹಳೆಯದು. ನಷ್ಟದ ರೈಲುಮಾರ್ಗ ಮುಚ್ಚಿ ಎಂದ 1963ರ ಬೀಚಿಂಗ್ ವರದಿಯ ನಂತರ ಹಳ್ಳಿಗಾಡಿನ ರೈಲುಮಾರ್ಗಗಳು ಒಂದೊಂದಾಗಿ ಮುಚ್ಚಿದವು. ಬೋಸ್ಟನ್‌ನಿಂದ ಸ್ಪಾಲ್ಡಿಂಗ್‌ಗೆ 1970ರವರೆಗೂ ರೈಲಿತ್ತು. ಈಗ ನಾನು ತೊಗರಿಬೇಳೆ ತರಲು ಹೋಗುವ ಎ16 ರಸ್ತೆ ಅಲ್ಲಿ ಸುಮಾರು ದೂರ ಆ ಹಳಿಯ ಜಾಡಿನ ಮೇಲೆಯೇ ಹಾದುಹೋಗುತ್ತದೆ. 1986ರಲ್ಲಿ ಲಂಡನ್ ಬಿಟ್ಟು ಉಳಿದೆಡೆ ಬಸ್ಸುಗಳನ್ನು ಖಾಸಗಿಯವರ ಲೆಕ್ಕಾಚಾರಕ್ಕೆ ಬಿಟ್ಟರು. ಲಾಭದ ದಾರಿಯಲ್ಲಿ ಬಸ್ಸು ಓಡಿತು, ಉಳಿದದ್ದಕ್ಕೆ ಕೌನ್ಸಿಲ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತ, ದುಡ್ಡು ಕೊಡಬೇಕಾಯಿತು. ಕೌನ್ಸಿಲ್ ಕೈ ಬಿಗಿಮಾಡಿದಾಗೆಲ್ಲ ಮೊದಲು ಹೋಗುವುದು ಸಂಜೆಯ ಬಸ್ಸು, ಆಮೇಲೆ ಭಾನುವಾರದ್ದು.

ಹನ್ನೆರಡು ತಿಂಗಳ ಲೆಕ್ಕ

ಭಾರತದ ಲೈಸೆನ್ಸಿನಲ್ಲಿ ನೀವು ಇಲ್ಲಿ ಕಾರು ಓಡಿಸಬಹುದು, ಆದರೆ ಇಲ್ಲಿನ ನಿವಾಸಿಯಾದ ದಿನದಿಂದ ಹನ್ನೆರಡು ತಿಂಗಳು ಮಾತ್ರ. ಕೆಲವು ದೇಶದವರು ಅರ್ಜಿ ಕೊಟ್ಟು ತಮ್ಮ ಲೈಸೆನ್ಸನ್ನು ಇಲ್ಲಿಯದಕ್ಕೆ ಬದಲಿಸಿಕೊಳ್ಳುತ್ತಾರೆ. ಆ ಪಟ್ಟಿಯಲ್ಲಿ ಭಾರತ ಇಲ್ಲ. ಹದಿನೈದು ವರ್ಷ ಘಾಟಿಯಲ್ಲಿ ಓಡಿಸಿದವರೂ ಇಲ್ಲಿ ಮೊದಲಿಂದ ಪರೀಕ್ಷೆ ಬರೆಯಲೇಬೇಕು.

ಒಂದು ವರ್ಷ ಧಾರಾಳ ಅಂತ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಬಂದದ್ದು ಫೆಬ್ರವರಿಯಲ್ಲಿ. ಪ್ರಾವಿಷನಲ್ ಲೈಸೆನ್ಸಿಗೆ, ಅಂದರೆ ನಮ್ಮ ಎಲ್‌ಎಲ್‌ಆರ್‌ಗೆ, ಅರ್ಜಿ ಹಾಕಿದ್ದು ಜುಲೈನಲ್ಲಿ. ಥಿಯರಿ ಪಾಸಾದದ್ದು ಸೆಪ್ಟೆಂಬರಿನಲ್ಲಿ. ಪ್ರಾಕ್ಟಿಕಲ್‌ಗೆ ದಿನಾಂಕ ಹುಡುಕಿದರೆ ತಿಂಗಳುಗಟ್ಟಲೆ ಖಾಲಿ ಇಲ್ಲ. ಸಿಕ್ಕಿದ್ದು ಮಾರ್ಚ್ ಮಧ್ಯದಲ್ಲಿ. ನನ್ನ ವರ್ಷ ಮುಗಿದದ್ದು ಫೆಬ್ರವರಿ ಮೊದಲ ವಾರ. ನಡುವಿನ ಐದು ವಾರ ಕಾರು ಬಾಗಿಲಲ್ಲೇ ನಿಂತಿತ್ತು. ಅದೇ ದಾರಿಯಲ್ಲಿ ಬರುವ ಸಹೋದ್ಯೋಗಿಯೊಬ್ಬಳು ತನ್ನ ಶಿಫ್ಟುಗಳನ್ನು ನನ್ನ ಶಿಫ್ಟಿಗೆ ಹೊಂದಿಸಿಕೊಂಡು ಬೆಳಿಗ್ಗೆ ಆರೂಮುಕ್ಕಾಲಿಗೆ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದಳು. ಆ ಋಣ ನಾನು ತೀರಿಸುವಂಥದ್ದಲ್ಲ.

ಆದ್ದರಿಂದ ಬಂದ ವಾರವೇ ಪ್ರಾವಿಷನಲ್‌ಗೆ ಅರ್ಜಿ ಹಾಕಿ. ಆನ್‌ಲೈನಿನಲ್ಲಿ 34 ಪೌಂಡು. ಈ ದೇಶದಲ್ಲಿ ಕನಿಷ್ಠ 185 ದಿನ ಇರಲು ನಿಮಗೆ ಅನುಮತಿ ಇರಬೇಕು, ಅಷ್ಟೆ. ಥಿಯರಿಗೆ 23 ಪೌಂಡು: 50 ಪ್ರಶ್ನೆಯಲ್ಲಿ 43 ಸರಿಯಾಗಬೇಕು. ಜೊತೆಗೆ ಹದಿನಾಲ್ಕು ವಿಡಿಯೊ ತೋರಿಸಿ ಅಪಾಯ ಎಲ್ಲಿ ಶುರುವಾಗುತ್ತದೆ ಎಂದು ಒತ್ತಿಸುತ್ತಾರೆ. 75ಕ್ಕೆ 44 ಬೇಕು. ಈ ವಿಡಿಯೊಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ರಶ್ನೆಗಳನ್ನು ನಾವು ಉರು ಹೊಡೆಯಬಲ್ಲೆವು, ಇದು ಉರು ಹೊಡೆದು ಬರುವುದಲ್ಲ. ಪಾಸಾದರೆ ಆ ಫಲಿತಾಂಶ ಎರಡು ವರ್ಷ ಊರ್ಜಿತ, ಅಷ್ಟರೊಳಗೆ ಪ್ರಾಕ್ಟಿಕಲ್ ಮುಗಿಯಬೇಕು. ಪ್ರಾಕ್ಟಿಕಲ್‌ಗೆ ವಾರದ ದಿನಗಳಲ್ಲಿ 62 ಪೌಂಡು. ಮೊದಲಿಗೇ ಇಪ್ಪತ್ತು ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಿಸುತ್ತಾರೆ. ಸಣ್ಣ ತಪ್ಪು ಹದಿನೈದರವರೆಗೆ ಕ್ಷಮೆ, ದೊಡ್ಡದು ಒಂದಾದರೂ ಫೇಲು.

ನಮ್ಮವರು ಫೇಲಾಗುವುದು ಗಾಡಿ ಓಡಿಸಲು ಬಾರದೆ ಅಲ್ಲ, ಕನ್ನಡಿ ನೋಡದೆ. ನನ್ನ ಇನ್‌ಸ್ಟ್ರಕ್ಟರ್ ಹೇಳಿದ್ದು: ಕಣ್ಣು ಮಾತ್ರ ಹೊರಳಿಸಿದರೆ ಪಕ್ಕದವರಿಗೆ ಗೊತ್ತಾಗುವುದಿಲ್ಲ, ಕತ್ತು ತಿರುಗಿಸಿ ನೋಡು. ರೌಂಡ್‌ಅಬೌಟಿನಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ. ಮೂತಿ ತೂರಿಸಿ ಜಾಗ ಮಾಡಿಕೊಳ್ಳುವ ನಮ್ಮ ಅಭ್ಯಾಸವನ್ನು ಅಲ್ಲೇ ಬಿಡಬೇಕು. ಆಟೊಮ್ಯಾಟಿಕ್ ಕಾರಿನಲ್ಲಿ ಪಾಸಾದರೆ ಗೇರಿನ ಕಾರು ಓಡಿಸುವಂತಿಲ್ಲ, ಇದನ್ನು ಮೊದಲೇ ಯೋಚಿಸಿ. ರಸ್ತೆಯಲ್ಲಿ ತಪ್ಪು ಮಾಡಿದರೆ ಲೈಸೆನ್ಸಿನ ಮೇಲೆ ದಂಡದ ಪಾಯಿಂಟ್ ಹಾಕುತ್ತಾರೆ, ಪಾಸಾದ ಮೇಲಿನ ಎರಡು ವರ್ಷದಲ್ಲಿ ಆರು ಪಾಯಿಂಟ್ ಬಿದ್ದರೆ ಲೈಸೆನ್ಸೇ ರದ್ದು. ಓಡಿಸುವಾಗ ಫೋನ್ ಕೈಯಲ್ಲಿ ಹಿಡಿದದ್ದಕ್ಕೇ ಆರು ಪಾಯಿಂಟ್, 200 ಪೌಂಡು ದಂಡ.

ಮನೆಯಲ್ಲಿ ಉಳಿದವರು

ಇದು ನನಗೆ ಎಲ್ಲಕ್ಕಿಂತ ಮುಖ್ಯ.

ನನ್ನ ಶಿಫ್ಟು ಬೆಳಿಗ್ಗೆ ಏಳೂವರೆಯಿಂದ ರಾತ್ರಿ ಎಂಟು. ಇದ್ದದ್ದು ಒಂದು ಕಾರು, ಅದು ನನ್ನ ಜೊತೆ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಇಡೀ ದಿನ ನಿಂತಿರುತ್ತಿತ್ತು. ನಮ್ಮನೆಯವರಿಗೆ ಊರಿನಲ್ಲಿ ಇದ್ದದ್ದು ಬೈಕ್ ಲೈಸೆನ್ಸ್ ಮಾತ್ರ. ಮಗಳ ಶಾಲೆ ಎರಡೂವರೆ ಮೈಲಿ. ಎಂಟು ವರ್ಷದೊಳಗಿನ ಮಕ್ಕಳಿಗೆ ಹತ್ತಿರದ ಶಾಲೆ ಎರಡು ಮೈಲಿಗಿಂತ ದೂರವಿದ್ದರೆ ಕೌನ್ಸಿಲ್ ಪುಕ್ಕಟೆ ವಾಹನ ಕೊಡಬೇಕು (ಎಂಟಾದ ಮೇಲೆ ಮೂರು ಮೈಲಿ, ನಡೆಯುವ ದಾರಿ ಸುರಕ್ಷಿತವಲ್ಲದಿದ್ದರೆ ಅದಕ್ಕಿಂತ ಹತ್ತಿರವಿದ್ದರೂ ಕೊಡಬೇಕು, ಕೇಳಿ ಪಡೆಯಿರಿ). ಹಾಗಾಗಿ ಮಿನಿಬಸ್ಸು ಬಂದು ಅವಳನ್ನು ಕರೆದೊಯ್ಯುತ್ತಿತ್ತು. ಆಮೇಲೆ ಅವರೊಬ್ಬರೇ. ಹೊರಗೆ ನಡೆಯೋಣವೆಂದರೆ ಫುಟ್‌ಪಾತ್ ಇಲ್ಲದ ರಸ್ತೆ, ಮಳೆ, ಆಲೂಗಡ್ಡೆ ಲಾರಿಗಳು. ಡಿಸೆಂಬರಿನಲ್ಲಿ ಮುಕ್ಕಾಲು ನಾಲ್ಕಕ್ಕೆ ಸೂರ್ಯ ಮುಳುಗುತ್ತಾನೆ.

ಜನವರಿಯ ಒಂದು ರಾತ್ರಿ ನಾನು ಶೂ ಬಿಚ್ಚುತ್ತಿದ್ದಾಗ ಅವರು ಅಂದರು: "ಇವತ್ತು ನಾನು ಯಾರ ಹತ್ರನೂ ಮಾತಾಡ್ಲಿಲ್ಲ ಕಣೆ. ಪಾರ್ಸೆಲ್ ತಂದವನಿಗೆ ಥ್ಯಾಂಕ್ಸ್ ಅಂದೆ, ಅಷ್ಟೆ." ದೂರುವ ದನಿಯೇ ಇರಲಿಲ್ಲ ಅದರಲ್ಲಿ, ಲೆಕ್ಕ ಒಪ್ಪಿಸಿದ ಹಾಗಿತ್ತು. ಊರಿನಲ್ಲಿ ಅಡಿಕೆ ಸೊಸೈಟಿಯ ಜಗಲಿಯಲ್ಲಿ ನಿಂತರೆ ಹತ್ತು ಮಂದಿಯನ್ನು ಮಾತಾಡಿಸದೆ ಮನೆಗೆ ಬಾರದ ಮನುಷ್ಯ. ಕಾಯಿಲೆಯವರ ಮುಖ ನೋಡುವುದೇ ನನ್ನ ಕೆಲಸ, ಆದರೂ ಮೂರು ತಿಂಗಳು ಮನೆಯವರ ಮುಖ ನೋಡಿರಲಿಲ್ಲ ನಾನು.

ಅವರಿಗೆ ನಾನೇ ಕಲಿಸುತ್ತೇನೆ ಎಂದುಕೊಂಡೆ. ಆಗುವುದಿಲ್ಲ. ಕಲಿಯುವವರ ಪಕ್ಕ ಕೂರುವವರಿಗೆ 21 ವರ್ಷ ದಾಟಿರಬೇಕು, ಪೂರ್ಣ ಲೈಸೆನ್ಸ್ ಸಿಕ್ಕಿ ಮೂರು ವರ್ಷ ಆಗಿರಬೇಕು, ಅದೂ ಇಲ್ಲಿಯ ಅಥವಾ ಯುರೋಪಿನ ಕೆಲವು ದೇಶಗಳ ಲೈಸೆನ್ಸ್. ನನ್ನ ಎಂಟು ವರ್ಷದ ಕರ್ನಾಟಕದ ಲೈಸೆನ್ಸ್ ಲೆಕ್ಕಕ್ಕಿಲ್ಲ. ಕೊನೆಗೆ ಎದುರು ಮನೆಯ ಅಜ್ಜ, ನಿವೃತ್ತ ರೈತ, ತಾನೇ ಮುಂದೆ ಬಂದರು. ಇನ್‌ಸ್ಟ್ರಕ್ಟರ್ ವಾರಕ್ಕೊಂದು ಗಂಟೆ, ಅಜ್ಜ ಭಾನುವಾರ ಬೆಳಿಗ್ಗೆ ಎರಡು ಗಂಟೆ. ಕಲಿಯುವವರಿಗೆ ನಿಮ್ಮ ಕಾರಿನ ಮೇಲೆ ಪ್ರತ್ಯೇಕ ಇನ್ಶೂರೆನ್ಸ್ ಸಿಗುತ್ತದೆ, ಅದಿಲ್ಲದೆ ಸ್ಟಿಯರಿಂಗ್ ಮುಟ್ಟಿಸಬೇಡಿ. ಹಿಂದೆ ಮುಂದೆ ಎಲ್ ಬೋರ್ಡ್ ಹಾಕಬೇಕು.

ನನ್ನ ಸಲಹೆ ಇಷ್ಟೇ: ಲೈಸೆನ್ಸಿನ ಖರ್ಚಿಗೆ ದುಡ್ಡು ಒಬ್ಬರಿಗೆ ಮಾತ್ರ ಇದ್ದರೆ, ಮನೆಯಲ್ಲಿರುವವರಿಗೇ ಮೊದಲು ಮಾಡಿಸಿ. ಕೆಲಸಕ್ಕೆ ಹೋಗುವವರಿಗೆ ಯಾರಾದರೂ ಲಿಫ್ಟ್ ಕೊಡುತ್ತಾರೆ, ಮನೆಯಲ್ಲಿರುವವರಿಗೆ ಯಾರೂ ಕೊಡುವುದಿಲ್ಲ. ಗಂಡನಾಗಲಿ ಹೆಂಡತಿಯಾಗಲಿ, ಮನೆಯಲ್ಲಿ ಉಳಿಯುವವರ ಪಾಠವನ್ನು ಮುಂದಕ್ಕೆ ಹಾಕಬೇಡಿ. ಎರಡನೇ ಕಾರು ಕೊಳ್ಳಲು ಆಗದಿದ್ದರೆ ವಾರದಲ್ಲಿ ಒಂದು ದಿನವಾದರೂ ಕಾರು ಮನೆಯಲ್ಲಿ ಉಳಿಯುವ ಹಾಗೆ ಶಿಫ್ಟು ಹೊಂದಿಸಿ, ಸಹೋದ್ಯೋಗಿಯ ಜೊತೆ ಹೋಗಿ, ಪೆಟ್ರೋಲಿಗೆ ದುಡ್ಡು ಕೊಡಿ.

ಫೋನ್ ಮಾಡಿದರೆ ಬರುವ ಬಸ್ಸು

ಲೈಸೆನ್ಸ್ ಬರುವ ತನಕ ಅವರನ್ನು ಕಾಪಾಡಿದ್ದು ಕಾಲ್‌ಕನೆಕ್ಟ್. ಲಿಂಕನ್‌ಶೈರಿನಲ್ಲಿ ಇರುವ ಈ ಸಣ್ಣ ಬಸ್ಸಿಗೆ ನಿಗದಿಯಾದ ದಾರಿಯಿಲ್ಲ. ಹೆಸರು ನೋಂದಾಯಿಸಿ, ಮುಂಚಿತವಾಗಿ ಫೋನಿನಲ್ಲೋ ಆ್ಯಪಿನಲ್ಲೋ ಎಲ್ಲಿಂದ ಎಲ್ಲಿಗೆ ಎಷ್ಟು ಹೊತ್ತಿಗೆ ಎಂದು ಹೇಳಿದರೆ, ಆ ದಿನ ಕೇಳಿದವರನ್ನೆಲ್ಲ ಹೆಕ್ಕಿಕೊಂಡು ಹೋಗುತ್ತದೆ. ಭಾನುವಾರ ಇಲ್ಲ. ತಡಮಾಡಿದರೆ ಸೀಟು ತುಂಬಿರುತ್ತದೆ, ಅದಕ್ಕೇ ಮುಂದಿನ ವಾರದ್ದನ್ನು ಈ ವಾರವೇ ಹಿಡಿಯಿರಿ. ನೀವು ಬೇರೆ ಕೌಂಟಿಗೆ (ನಮ್ಮ ಜಿಲ್ಲೆ ಇದ್ದ ಹಾಗೆ) ಹೋಗುವವರಾದರೆ ಅಲ್ಲಿಯೂ ಇಂಥದ್ದೊಂದು ಬೇರೆ ಹೆಸರಿನಲ್ಲಿ ಇದೆಯೇ ಎಂದು ಕೌನ್ಸಿಲ್ ವೆಬ್‌ಸೈಟಿನಲ್ಲಿ ಹುಡುಕಿ. ಹಳ್ಳಿಯ ನೋಟಿಸ್ ಬೋರ್ಡ್ ಓದುವುದನ್ನೂ ರೂಢಿ ಮಾಡಿಕೊಳ್ಳಿ. ಆಸ್ಪತ್ರೆಗೆ ಕರೆದೊಯ್ಯುವ ಸ್ವಯಂಸೇವಕರ ಕಾರು, ಸಂಚಾರಿ ಗ್ರಂಥಾಲಯದ ದಿನ, ಮೀನು ಚಿಪ್ಸ್ ವ್ಯಾನು ಬರುವ ದಿನ ಎಲ್ಲ ಅಲ್ಲೇ ಇರುತ್ತವೆ.

ಬೋಸ್ಟನ್‌ನಲ್ಲಿ ಬುಧವಾರ, ಶನಿವಾರ ಸಂತೆ. ಸ್ಟಂಪ್ ಎಂದು ಕರೆಯುವ ಚರ್ಚಿನ ಗೋಪುರದ ಬುಡದಲ್ಲಿ ಅಂಗಡಿ ಹಾಕುತ್ತಾರೆ. ನಮ್ಮನೆಯವರು ಫೆಬ್ರವರಿಯಿಂದ ಪ್ರತಿ ಬುಧವಾರ ಹೋಗತೊಡಗಿದರು. ಹೂಕೋಸು ತರುವುದು ನೆಪ. ಬಸ್ಸಿನಲ್ಲಿ ಅದೇ ಮೂವರು ಅಜ್ಜಿಯರು, ಅದೇ ಡ್ರೈವರ್. ಮೂರನೇ ವಾರ ಅವರು ಮನೆಗೆ ಬಂದು ಆ ಅಜ್ಜಿಯರ ಮೊಣಕಾಲು ನೋವಿನ ಕತೆಯನ್ನೆಲ್ಲ ನನಗೆ ಹೇಳಿದರು. ನಾನು ಅಷ್ಟು ಸಂತೋಷದಿಂದ ಮೊಣಕಾಲಿನ ಕತೆ ಯಾವತ್ತೂ ಕೇಳಿರಲಿಲ್ಲ.

ರಸ್ತೆ

ನಮ್ಮದು ಫೆನ್ ಸೀಮೆ, ಜೌಗು ಬಸಿದು ಮಾಡಿದ ನೆಲ. ಅಡಿಕೋಲು ಇಟ್ಟು ಎಳೆದ ಹಾಗೆ ಎರಡು ಮೈಲಿ ನೇರ ರಸ್ತೆ, ಆಮೇಲೆ ಇದ್ದಕ್ಕಿದ್ದ ಹಾಗೆ ಹೊಲದ ಮೂಲೆಯಲ್ಲಿ ಕೈಮಡಚಿದಂಥ ತಿರುವು. ಪಕ್ಕದಲ್ಲೇ ಡ್ರೇನ್ ಎನ್ನುವ ಆಳವಾದ ನೀರಿನ ಕಾಲುವೆ, ತಡೆಗೋಡೆ ಇಲ್ಲ. ನೆಲ ಕುಸಿಯುತ್ತಾ ಹೋಗಿ ಟಾರು ಅಲೆಅಲೆಯಾಗಿರುತ್ತದೆ. ಬಿಳಿ ವೃತ್ತದ ಮೇಲೆ ಕಪ್ಪು ಓರೆಗೀಟಿನ ಫಲಕವಿದ್ದರೆ ಇಂಥ ರಸ್ತೆಯಲ್ಲೂ ಗಂಟೆಗೆ 60 ಮೈಲಿಯವರೆಗೆ ಹೋಗಬಹುದು. ಅದು ಮಿತಿ, ನೀವು ಮುಟ್ಟಲೇಬೇಕಾದ ವೇಗವಲ್ಲ. ಹಿಂದಿನ ಕಾರಿನವರು ಒತ್ತಿಕೊಂಡು ಬಂದರೆ ಅಗಲವಿರುವಲ್ಲಿ ಎಡಕ್ಕೆ ನಿಲ್ಲಿಸಿ ಬಿಟ್ಟುಬಿಡಿ.

ಅಕ್ಟೋಬರಿನಿಂದ ಸಕ್ಕರೆ ಬೀಟ್ ಕೀಳುವ ಕಾಲ. ಟ್ರ್ಯಾಕ್ಟರಿನ ಚಕ್ರದ ಕೆಸರು ರಸ್ತೆಗೆ ಅಂಟಿ, ಮಳೆ ಬಿದ್ದರೆ ಸಾಬೂನು ಹಚ್ಚಿದ ಹಾಗೆ. ಮುಂಜಾನೆ, ಮುಸ್ಸಂಜೆ ಜಿಂಕೆ. ಒಂದು ದಾಟಿದರೆ ಹಿಂದೆಯೇ ಇನ್ನೊಂದಿರುತ್ತದೆ ಎಂದುಕೊಳ್ಳಿ. ಕುದುರೆ ಸವಾರರು ಸಿಕ್ಕರೆ 10 ಮೈಲಿಗೆ ಇಳಿಸಿ, ಎರಡು ಮೀಟರ್ ಜಾಗ ಬಿಟ್ಟು ದಾಟಿ. ಒಂದೇ ಗಾಡಿಯ ಅಗಲದ ದಾರಿಯಲ್ಲಿ ಎದುರಿನ ಗಾಡಿ ದಾಟಲೆಂದು ಅಗಲ ಮಾಡಿದ ಪಾಸಿಂಗ್ ಪ್ಲೇಸ್ ನಿಮ್ಮ ಎಡಕ್ಕಿದ್ದರೆ ಅದರೊಳಗೆ ಹೋಗಿ, ಬಲಕ್ಕಿದ್ದರೆ ಅದರ ಎದುರು ನಿಂತು ಕಾಯಿರಿ. ದಾಟಿದವರು ಸ್ಟಿಯರಿಂಗ್‌ನಿಂದ ಒಂದು ಬೆರಳು ಎತ್ತುತ್ತಾರೆ. ನೀವೂ ಎತ್ತಿ, ಇಲ್ಲಿಯ ನಮಸ್ಕಾರ ಅದೇ.

ನನಗೆ ಮಂಜಿಗಿಂತ ಹೆಚ್ಚು ಭಯ ಕಣ್ಣಿಗೆ ಕಾಣದ ಹಿಮದ ಪದರ. ರಾತ್ರಿ ಶಿಫ್ಟು ಮುಗಿಸಿ ಬರುವಾಗ ಹಿಮ ಕಟ್ಟದಿರಲೆಂದು ಹೆದ್ದಾರಿಗೆ ಉಪ್ಪು ಹಾಕಿರುತ್ತಾರೆ, ನಮ್ಮ ಒಳರಸ್ತೆಗೆ ಹಾಕಿರುವುದಿಲ್ಲ. ಒಮ್ಮೆ ತಿರುವಿನಲ್ಲಿ ಕಾರು ಡ್ರೇನ್‌ನ ಅಂಚಿನ ಹುಲ್ಲಿನ ತನಕ ಜಾರಿ ನಿಂತಿತು. ಅಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಅಂದಿನಿಂದ ಡಿಕ್ಕಿಯಲ್ಲಿ ಟಾರ್ಚು, ಕಂಬಳಿ, ಹಳದಿ ಹೊಳೆಯುವ ಜಾಕೆಟ್, ಗಾಜಿನ ಮೇಲಿನ ಹಿಮ ಕೆರೆಯುವ ಪಟ್ಟಿ, ನೀರು, ಶೇಂಗಾ ಚಿಕ್ಕಿ ಯಾವಾಗಲೂ ಇರುತ್ತವೆ. ಸ್ಟೆಪ್ನಿ ಇದೆಯೇ ಎಂದು ಕೊಳ್ಳುವಾಗಲೇ ನೋಡಿ. ಎಷ್ಟೋ ಕಾರುಗಳಲ್ಲಿ ಬರೀ ಪಂಕ್ಚರ್ ಅಂಟಿನ ಬಾಟಲಿ ಇರುತ್ತದೆ. ನಡೆಯುವುದಾದರೆ ಫುಟ್‌ಪಾತ್ ಇಲ್ಲದಲ್ಲಿ ಬಲಬದಿಯಲ್ಲಿ, ಎದುರು ಬರುವ ಗಾಡಿ ಕಾಣುವ ಹಾಗೆ ನಡೆಯಿರಿ.

ಹಳೆ ಕಾರು ಕೊಳ್ಳುವವರಿಗೆ ಎರಡು ಮಾತು. ಎಂಒಟಿ ಎಂದರೆ ನಮ್ಮ ಎಫ್‌ಸಿ ಇದ್ದ ಹಾಗೆ, ಮೂರು ವರ್ಷ ತುಂಬಿದ ಕಾರಿಗೆ ವರ್ಷವರ್ಷ ಮಾಡಿಸಬೇಕು. ನಂಬರ್ ಹಾಕಿದರೆ ಅದರ ಹಿಂದಿನ ಎಂಒಟಿಗಳ ಕತೆಯೆಲ್ಲ ಸರ್ಕಾರಿ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ತುಕ್ಕು ಎಂಬ ಮಾತು ಮತ್ತೆ ಮತ್ತೆ ಬಂದರೆ ಬಿಟ್ಟುಬಿಡಿ. ಹಿಂದಿನವರು ಕಟ್ಟಿದ ರಸ್ತೆ ತೆರಿಗೆ ನಿಮಗೆ ವರ್ಗವಾಗುವುದಿಲ್ಲ, ತೆರಿಗೆ ಮತ್ತು ಇನ್ಶೂರೆನ್ಸ್ ಆದ ಮೇಲೆಯೇ ಅಲ್ಲಿಂದ ಹೊರಡಿಸಿ.

ಮನೆಯ ಸಾಮಾನು

ಇಂಥ ಊರುಗಳಿಗೆ ಗ್ಯಾಸ್ ಪೈಪು ಬಂದಿರುವುದಿಲ್ಲ. ಹಿತ್ತಲ ಟ್ಯಾಂಕಿಗೆ ಸೀಮೆಎಣ್ಣೆ ತುಂಬಿಸಿ ಮನೆ ಬೆಚ್ಚಗೆ ಮಾಡಬೇಕು, ಸಾಮಾನ್ಯವಾಗಿ ಒಮ್ಮೆಗೆ 500 ಲೀಟರಿಗಿಂತ ಕಡಿಮೆ ತರುವುದಿಲ್ಲ. ಹಳ್ಳಿಯವರು ಒಟ್ಟಾಗಿ ಆರ್ಡರ್ ಮಾಡುತ್ತಾರೆ, ಕೇಳಿ ಸೇರಿಕೊಳ್ಳಿ, ದರ ಇಳಿಯುತ್ತದೆ. ಕರೆಂಟ್ ಹೋದರೆ 105ಕ್ಕೆ ಫೋನ್. ಔಷಧಿ ಅಂಗಡಿ ನಿಮ್ಮ ಮನೆಯಿಂದ ಒಂದು ಮೈಲಿಗಿಂತ ದೂರವಿದ್ದರೆ ಕೆಲವು ಹಳ್ಳಿ ದವಾಖಾನೆಗಳು ತಾವೇ ಔಷಧಿ ಕೊಡುತ್ತವೆ. ಹೆಸರು ಬರೆಸುವಾಗಲೇ ವಿಚಾರಿಸಿದರೆ ಇನ್ನೊಂದು ಓಡಾಟ ತಪ್ಪುತ್ತದೆ.

ಆಲೂಗಡ್ಡೆ, ಎಲೆಕೋಸು, ಮೊಟ್ಟೆಗೆ ಪಟ್ಟಣಕ್ಕೆ ಹೋಗಬೇಕಿಲ್ಲ. ಹೊಲದ ಗೇಟಿನ ಹತ್ತಿರ ಪೆಟ್ಟಿಗೆ ಇಟ್ಟಿರುತ್ತಾರೆ, ಚಿಲ್ಲರೆ ಹಾಕಿ ತೆಗೆದುಕೊಂಡು ಬನ್ನಿ. ಬೇಳೆ, ಸೋನಾಮಸೂರಿ, ಅವಲಕ್ಕಿಗೆ ನಾವು ಆರು ವಾರಕ್ಕೊಮ್ಮೆ ಪೀಟರ್‌ಬರೋದ ಲಿಂಕನ್ ರೋಡಿಗೆ ಹೋಗುತ್ತೇವೆ, ಮೂವತ್ತು ಮೈಲಿ ಆಗುತ್ತದೆ. ಕರಿಬೇವು ಒಮ್ಮೆಗೇ ತಂದು ಫ್ರೀಜರಿನಲ್ಲಿಟ್ಟರೆ ತಿಂಗಳು ಬರುತ್ತದೆ, ತುರಿದ ಕಾಯಿಯೂ ಹಾಗೆಯೇ. ಹೊರಡುವ ಮೊದಲು ಅಕ್ಕಪಕ್ಕದವರಿಗೆ "ಪೀಟರ್‌ಬರೋಗೆ ಹೋಗುತ್ತಿದ್ದೇವೆ, ಏನಾದರೂ ಬೇಕಾ" ಎಂದು ಕೇಳಿ. ಇಲ್ಲಿಯವರು ತಾವಾಗಿ ಏನನ್ನೂ ಕೇಳುವುದಿಲ್ಲ, ನೀವು ಒಮ್ಮೆ ಕೇಳಿದರೆ ಆಮೇಲೆ ಅವರೂ ನಿಮ್ಮನ್ನು ಕೇಳುತ್ತಾರೆ. ಎದುರು ಮನೆಯ ಅಜ್ಜ ಕಳೆದ ವರ್ಷ, ಕಣ್ಣು ಮಂಜಾಯಿತು ಎಂದು ಲೈಸೆನ್ಸನ್ನು ತಾವೇ ಹಿಂತಿರುಗಿಸಿದರು. ಈಗ ಗುರುವಾರ ಅವರನ್ನು ದವಾಖಾನೆಗೆ ಕರೆದೊಯ್ಯುವುದು ನಮ್ಮನೆಯವರು. ಎರಡನೇ ಸಲಕ್ಕೆ ಪಾಸಾದರು.

ಅಪ್ಪ ಅಮ್ಮನನ್ನು ಕರೆಸಿಕೊಳ್ಳುವುದಾದರೆ ಏಪ್ರಿಲ್ ನಂತರ ಕರೆಸಿ. ಹೊಲಗಳ ನಡುವೆ ಹಾದುಹೋಗುವ ಸಾರ್ವಜನಿಕ ಕಾಲುದಾರಿಗಳು ಆಗ ಒಣಗಿರುತ್ತವೆ. ಹಳದಿ ಬಾಣದ ಗುರುತು ಹಿಡಿದು ಯಾರ ಹೊಲದಲ್ಲಾದರೂ ಧೈರ್ಯವಾಗಿ ನಡೆಯಬಹುದು, ಅದು ಕಾನೂನು ಕೊಟ್ಟ ಹಕ್ಕು. ನನ್ನಮ್ಮ ಸೀರೆ ಎತ್ತಿಕಟ್ಟಿ, ನನ್ನ ರಬ್ಬರ್ ಬೂಟು ಹಾಕಿಕೊಂಡು ದಿನಾ ಬೆಳಿಗ್ಗೆ ಹೋಗುತ್ತಿದ್ದರು. ಎರಡನೇ ಬುಧವಾರ ಅವರನ್ನು ಬಸ್ಸಿಗೆ ಕರೆದುಕೊಂಡು ಹೋದೆ. "ಇಲ್ಲೆಲ್ಲ ಬಸ್ಸಿಗೆ ಕೈ ಅಡ್ಡ ಹಿಡಿದ್ರೆ ನಿಲ್ಸಲ್ವೇನೆ?" ಎಂದು ಕೇಳಿದರು. ಬುಕ್ ಮಾಡಿದ್ದೀನಿ ಅಮ್ಮ, ಅದಾಗೇ ನಿಲ್ಲುತ್ತೆ ಎಂದೆ. ಬಸ್ಸು ತಿರುವಿನಲ್ಲಿ ಕಾಣಿಸಿದ್ದೇ ತಡ, ಅವರು ರಸ್ತೆಯ ಅಂಚಿಗೆ ಬಂದು, ಕೊಪ್ಪದಲ್ಲಿ ಹಿಡಿದ ಹಾಗೇ ಕೈ ಅಡ್ಡ ಹಿಡಿದು ನಿಂತರು.